ಮುಚ್ಚಳ ಮಾತ್ರ ನೋಡಿದ ದಿನ

ಟೊರೊಂಟೋದ ಒಂದು ಹರಾಜು ಮನೆಯ ಬೆಳ್ಳಿ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿ, ಎರಡು ವರ್ಷದ ಹಿಂದೆ ನಿವೃತ್ತಳಾದೆ. ಈಗ ಅಲ್ಲಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಆಗಾಗ ಫೋನ್ ಮಾಡುತ್ತಾಳೆ. ಮೈಸೂರಿನವರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಮಾತಾಡಿದರೆ ತಿಳಿಯುತ್ತದೆ, ಉತ್ತರ ಮಾತ್ರ ಅರ್ಧ ಇಂಗ್ಲಿಷಿನಲ್ಲಿ ಬರುತ್ತದೆ. ಮೊನ್ನೆ ಕೇಳಿದಳು: "ಆಂಟಿ, ಈ ಜಾಬು ರಿಯಲೀ ಹೇಗಿತ್ತು? ಬೋರಿಂಗ್ ಅಂತಾರೆ ಎಲ್ಲರೂ." ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಅವಳ ತಾಯಿ ಓದಿ ಹೇಳಲಿ ಎಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಬೋರಿಂಗ್ ಅಲ್ಲ. ಅಂಜಿಕೊಂಡೇ ಟ್ರೇನು ಹತ್ತಿದ ಬೆಳಗುಗಳು ನನಗೆ ಬಹಳ ಇವೆ.

ನಮ್ಮಪ್ಪ ಹುಬ್ಬಳ್ಳಿಯಲ್ಲಿ ಪತ್ತಾರ, ಬೆಳ್ಳಿ ಬಂಗಾರದ ಕೆಲಸದವನು. ಅವನ ಅಂಗಡಿಯಲ್ಲಿ ಕೂತು ಊದುಗೊಳವೆ ಊದುತ್ತ ಬೆಳೆದವಳು ನಾನು. ಆದರೆ ಹೆಣ್ಣುಮಗಳ ಕೈಗೆ ಚಿಮಟ ಕೊಡುವ ಪದ್ಧತಿ ಇರಲಿಲ್ಲ. ಮದುವೆಯಾಗಿ ಮಿಸ್ಸಿಸ್ಸಾಗಾಕ್ಕೆ ಬಂದೆ. ನಮ್ಮನೆಯವರು ವಸಂತ, ಒಂದು ಮಶೀನ್ ಶಾಪಿನಲ್ಲಿ ಲೇತ್ ಆಪರೇಟರು. ಎರಿನ್ ಮಿಲ್ಸ್‌ನಲ್ಲಿ ಒಂದು ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ಹರಾಜು ಮನೆಗೆ ಬೆಳ್ಳಿ ಸಾಮಾನು ತಿಕ್ಕುವವರು ಬೇಕು ಎಂಬ ಜಾಹೀರಾತು ನೋಡಿ ಹೋದೆ. ಇಂಟರ್ವ್ಯೂನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಬೆಳ್ಳಿ ಮುಟ್ಟಿ ಗೊತ್ತಿದೆಯಾ?" ನಕ್ಕುಬಿಟ್ಟೆ. ಕೆಲಸ ಸಿಕ್ಕಿತು.

ವಿಭಾಗದ ಮುಖ್ಯಸ್ಥ ಲೂಸಿಯನ್. ಕ್ವಿಬೆಕ್‌ನವನು. ಎತ್ತರದ, ತೆಳ್ಳಗಿನ, ಬೆಳಗಿನ ಹೊತ್ತು ಯಾರೊಡನೆಯೂ ಮಾತಾಡದ ಮನುಷ್ಯ. ಫ್ರಾನ್ಸಿನ ಹಳೆಯ ಊಟದ ಮೇಜಿನ ಬೆಳ್ಳಿ ಎಂದರೆ ಅವನಿಗೆ ಜೀವ. ಸೂಪಿನ ಪಾತ್ರೆ, ಕಾಫಿ ಕೆಟಲಿ, ಉಪ್ಪಿನ ಬಟ್ಟಲು, ಹೂಬಳ್ಳಿ ಕೆತ್ತಿದ ಚಮಚ, ಯಾವುದನ್ನಾದರೂ ಎರಡೂ ಕೈಯಲ್ಲೇ ಎತ್ತುತ್ತಿದ್ದ.

ಮೂರನೆಯ ವಾರದಲ್ಲೇ ಅವನ ಕೈಗೆ ಸಿಕ್ಕಿಬಿದ್ದೆ. ಹನ್ನೆರಡು ಪುಟ್ಟ ಉಪ್ಪಿನ ಬಟ್ಟಲು ತಿಕ್ಕಲು ಕೊಟ್ಟಿದ್ದರು. ಒಳಗೆಲ್ಲ ಮಾಸಿದ ಹಳದಿ ಬಣ್ಣ. ಉಪ್ಪು ಕೂತು ಆದ ಕಲೆ ಎಂದುಕೊಂಡೆ. ನಮ್ಮವ್ವ ಮಾಡುತ್ತಿದ್ದ ಹಾಗೆ ಮನೆಯಿಂದ ವಿಭೂತಿ ತಂದು, ಅರಿವೆಗೆ ಹಚ್ಚಿ, ಶಕ್ತಿ ಹಾಕಿ ತಿಕ್ಕಿದೆ. ನಾಲ್ಕು ಬಟ್ಟಲು ಬೆಳ್ಳಗೆ ಹೊಳೆದವು. ಐದನೆಯದನ್ನು ತೆಗೆದುಕೊಳ್ಳುವಾಗ ಲೂಸಿಯನ್ ಒಳಗೆ ಬಂದ. ಮೇಜಿನ ಮುಂದೆ ನಿಂತ. ಒಂದು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದ.

"ಅದು ಬಂಗಾರ," ಎಂದ.

ಉಪ್ಪು ಬೆಳ್ಳಿಯನ್ನು ತಿನ್ನುತ್ತದೆಂದು ಆ ಕಾಲದವರು ಬಟ್ಟಲಿನ ಒಳಮೈಗೆ ಬಂಗಾರದ ಮುಲಾಮು, ಅಂದರೆ ತೆಳು ಲೇಪ, ಮಾಡಿಸುತ್ತಿದ್ದರು. ಅದನ್ನು ನಾನು ಅರಿವೆಗೆ ಬಳಿದುಬಿಟ್ಟಿದ್ದೆ. ಪತ್ತಾರನ ಮಗಳಾಗಿ ಮುಲಾಮು ಗುರುತಿಸಲಿಲ್ಲವಲ್ಲ ಎಂದು ಕಿವಿಯವರೆಗೆ ಬಿಸಿಯೇರಿತು. ಲೂಸಿಯನ್ ಬೈಯಲಿಲ್ಲ. ಒಂದು ಹಾಳೆ ಕೊಟ್ಟ. "ಮಾಲೀಕರಿಗೆ ಹೋಗುವ ವರದಿ. ನಾಲ್ಕು ಬಟ್ಟಲಿನ ಬಂಗಾರ ನಿನ್ನ ಕೈಯಿಂದ ಹೋಯಿತು ಅಂತ ಬರೆ. ಕೆಳಗೆ ಹೆಸರು ಹಾಕು."

"ಕೆಲಸದಿಂದ ತೆಗೀತೀರಾ?"

"ಮೊದಲು ಬರೆ."

ಮೂರು ದಿನ ಅನ್ನ ಸೇರಲಿಲ್ಲ. ಮಾಲೀಕರು ಬಂದು ಬಟ್ಟಲು ಹಿಂದಕ್ಕೆ ಒಯ್ದರು. ನನ್ನನ್ನು ತೆಗೆಯಲಿಲ್ಲ. ಅದರ ಮರುವಾರದಿಂದ ಲೂಸಿಯನ್ ಊಟದ ಬಿಡುವಿನಲ್ಲಿ ನನಗೆ ಮುದ್ರೆ ಓದಲು ಕಲಿಸತೊಡಗಿದ. ಯಾಕೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹೊಸಬರಿಗೆ ಇಷ್ಟು ತಿಳಿದಿರಲಿ. ಸುಮಾರು ನೂರೆಂಬತ್ತು ವರ್ಷದಿಂದ ಫ್ರಾನ್ಸಿನ ಅಪ್ಪಟ ಬೆಳ್ಳಿಯ ಮೇಲೆ ಶಿರಸ್ತ್ರಾಣ ತೊಟ್ಟ ದೇವತೆಯ ಪುಟ್ಟ ತಲೆಯ ಮುದ್ರೆ ಇರುತ್ತದೆ. ಪಕ್ಕದಲ್ಲಿ ಮಾಡಿದವನ ಗುರುತು, ಇಸ್ಪೀಟಿನ ಡೈಮಂಡ್ ಆಕಾರದ ಚೌಕಟ್ಟಿನಲ್ಲಿ. ತಾಮ್ರದ ಮೇಲೆ ಬೆಳ್ಳಿ ನೀರು ಹಾಕಿದ ಸಾಮಾನಾದರೆ ಚೌಕಟ್ಟು ನೆಟ್ಟಗಿನ ಚೌಕ. ಡೈಮಂಡೋ ಚೌಕವೋ, ಸಾಸಿವೆ ಕಾಳಿನಷ್ಟು ಜಾಗದಲ್ಲಿ ನೋಡಿ ಹೇಳಬೇಕು. ಆಗೆಲ್ಲ ಭೂತಗನ್ನಡಿ, ಅರ, ಆ್ಯಸಿಡ್ಡಿನ ಶೀಶೆ ಇಷ್ಟೇ ನಮ್ಮ ಉಪಕರಣ. ಈಗಿನವರ ಹತ್ತಿರ ಎಕ್ಸ್‌ರೇ ಗನ್ನು ಇದೆ. ಹಿಡಿದು ಒತ್ತಿದರೆ ಬೆಳ್ಳಿ ಎಷ್ಟು, ತಾಮ್ರ ಎಷ್ಟು ಎಂದು ಪರದೆಯ ಮೇಲೆ ಬರುತ್ತದೆ. ಒಳ್ಳೆಯದೇ. ಆದರೆ ಇದು ಇಲ್ಲಿಗೆ ಯಾವಾಗ ಬಂತು, ಯಾರ ಕೈಯಲ್ಲಿತ್ತು ಎಂದು ಗನ್ನು ಹೇಳುವುದಿಲ್ಲ.

ಆರೇಳು ವರ್ಷದ ಮೇಲೆ ಒಬ್ಬ ವ್ಯಾಪಾರಿ ಕಾಫಿ ಕೆಟಲಿ ತಂದ. ಸೊಗಸಾದ ಸಾಮಾನು, ಬುಡದಲ್ಲಿ ದೇವತೆಯ ತಲೆ ಸ್ಪಷ್ಟವಾಗಿತ್ತು. ಲೂಸಿಯನ್ ರಜೆಯಲ್ಲಿದ್ದ. ಬೆಳ್ಳಿಯ ಮೇಲೆ ಬಾಯಿಯ ಉಸಿರು ಬಿಟ್ಟರೆ ಮಂಜು ಕಟ್ಟುತ್ತದೆ, ಬೆಸುಗೆ ಇದ್ದಲ್ಲಿ ಆ ಮಂಜು ಬೇರೆ ರೀತಿ ಕೂರುತ್ತದೆ. ಅವನೇ ಕಲಿಸಿದ್ದು. ಬುಡ ಮೇಲೆ ಮಾಡಿ ಹಾ ಎಂದು ಉಸಿರು ಬಿಟ್ಟೆ. ಮುದ್ರೆಯ ಸುತ್ತ ಕೂದಲೆಳೆಯಂಥ ಒಂದು ಗೆರೆ ಮೂಡಿತು. ಯಾವುದೋ ಮುರಿದ ಚಮಚದಿಂದ ಮುದ್ರೆ ಕತ್ತರಿಸಿ ಇಲ್ಲಿ ಕೂರಿಸಿದ್ದರು.

"ಇದು ಬೇರೆ ಕಡೆಯ ಮುದ್ರೆ," ಎಂದೆ.

ವ್ಯಾಪಾರಿ ಕೆಟಲಿಯ ಹಿಡಿಗೆ ಕೈ ಹಾಕಿದ. ನಾನು ಬಿಡಲಿಲ್ಲ. "ತಿಕ್ಕುವ ಹೆಂಗಸು ನನಗೆ ಬೆಳ್ಳಿ ಕಲಿಸುತ್ತಾಳಾ?" ಎಂದು ಕೂಗಿದ. ಮತ್ತೊಮ್ಮೆ ಉಸಿರು ಬಿಟ್ಟು ತೋರಿಸಿದೆ. ಗೆರೆ ಅವನಿಗೂ ಕಂಡಿತು. ಕೆಟಲಿ ಕಸಿದುಕೊಂಡು ಹೊರಟುಹೋದ.

ಆ ಮೇಲೆ ಕ್ಯಾಟಲಾಗು ಬರೆಯುವುದು, ಜನರ ಮನೆಗೆ ಹೋಗಿ ಮೌಲ್ಯಮಾಪನ ಮಾಡುವುದು ನನ್ನ ಪಾಲಿಗೆ ಬಂತು. ಆಫೀಸಿನಲ್ಲಿ ಎಲ್ಲರೂ ನನ್ನ ಉಸಿರಿನ ಕಥೆ ಹೇಳುತ್ತಿದ್ದರು. ನನ್ನ ಕಣ್ಣು ತಪ್ಪುವುದಿಲ್ಲ ಎಂದು ನಾನೂ ನಂಬಿಬಿಟ್ಟೆ. ನನ್ನನ್ನು ಕೆಡಿಸಿದ್ದು ಆ ನಂಬಿಕೆ.

ಯೂನಿಯನ್‌ವಿಲ್‌ನ ಹಳೆಯ ಬೀದಿಯ ಹತ್ತಿರ ಒಂದು ಮನೆ. ಮದಾಮ್ ಓಡಿಲ್ ಎಂಬ ವಿಧವೆ, ಫ್ರಾನ್ಸಿನಿಂದ ಮದುವೆಯಾಗಿ ಬಂದವರು. ವಿಮೆಗಾಗಿ ಮನೆಯ ಬೆಳ್ಳಿಗೆಲ್ಲ ಮೌಲ್ಯದ ಪತ್ರ ಬೇಕಿತ್ತು. ಜನವರಿಯ ಮಧ್ಯಾಹ್ನ, ಸಂಜೆಗೆ ಮಂಜುಗಡ್ಡೆಯ ಮಳೆ ಎಂದು ರೇಡಿಯೋ ಹೇಳುತ್ತಿತ್ತು. ನಲವತ್ತಕ್ಕೂ ಹೆಚ್ಚು ಸಾಮಾನು. ಒಂದೊಂದನ್ನೂ ತಿರುಗಿಸಿ, ತೂಗಿ, ಮುದ್ರೆಯ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋದೆ. ಕೊನೆಗೆ ಉಳಿದದ್ದು ಸೈಡ್‌ಬೋರ್ಡಿನ ಮೇಲಿನ ಟ್ಯುರೀನ್. ಸೂಪ್ ಬಡಿಸುವ ಮುಚ್ಚಳದ ದೊಡ್ಡ ಪಾತ್ರೆ, ಎರಡು ಕಡೆ ಹಿಡಿ, ಮುಚ್ಚಳದ ನೆತ್ತಿಯ ಮೇಲೆ ಬೆಳ್ಳಿಯ ಹೂಮೊಗ್ಗು. ಆ ಮನೆಯ ಬೆಳ್ಳಿಗೆಲ್ಲ ಕಳಸವಿಟ್ಟ ಹಾಗಿತ್ತು.

ಮುಚ್ಚಳ ತೆಗೆದೆ. ಒಳಗೆ ರಿಬ್ಬನ್ ಕಟ್ಟಿದ ಕಾಗದಗಳು ತುಂಬಿದ್ದವು.

"ಅದನ್ನು ಅಲುಗಿಸಬೇಡ," ಎಂದರು ಓಡಿಲ್. "ನನ್ನ ಗಂಡನ ಪತ್ರಗಳು. ಅವರು ಇಟ್ಟ ಹಾಗೇ ಇವೆ."

ಕಿಟಕಿಯ ಮೇಲೆ ಮಳೆ ಟಪಟಪ ಶುರುವಾಗಿತ್ತು. ಮುಚ್ಚಳದ ಅಂಚಿನಲ್ಲಿ ದೇವತೆಯ ತಲೆ, ಡೈಮಂಡಿನೊಳಗೆ ಎರಡು ಅಕ್ಷರ. ಬರೆದುಕೊಂಡೆ. ಮುಚ್ಚಳ ಮುಚ್ಚಿದೆ. ಕಾರಿನ ಕೀಲಿ ಹುಡುಕಿದೆ. ಮರುದಿನ ಆಫೀಸಿನಲ್ಲಿ ಟೈಪ್ ಮಾಡಿದೆ: ಟ್ಯುರೀನ್, ಪಾತ್ರೆ ಮತ್ತು ಮುಚ್ಚಳ, ಫ್ರೆಂಚ್ ಬೆಳ್ಳಿ. ಸಹಿ ಹಾಕಿದೆ.

ಹನ್ನೊಂದು ವರ್ಷ ಕಳೆಯಿತು. ಲೂಸಿಯನ್ ನಿವೃತ್ತನಾದ, ಅವನ ಕುರ್ಚಿಗೆ ಕ್ಯಾರನ್ ಬಂದಳು. ಚುರುಕಿನ, ನ್ಯಾಯವಾದ ಹೆಂಗಸು, ನನಗಿಂತ ಹದಿನೈದು ವರ್ಷ ಚಿಕ್ಕವಳು. ಒಂದು ಗುರುವಾರ ಬೆಳಿಗ್ಗೆ ನನ್ನನ್ನು ಕೋಣೆಗೆ ಕರೆದಳು. ಮೇಜಿನ ಮೇಲೆ ಅದೇ ಟ್ಯುರೀನ್. ಪಕ್ಕದಲ್ಲಿ ಐವತ್ತರ ಆಸುಪಾಸಿನ ಒಬ್ಬ ಗಂಡಸು. ಓಡಿಲ್ ಅವರ ಮಗ ಫಿಲಿಪ್.

ಓಡಿಲ್‌ಗೆ ಮರೆವಿನ ಕಾಯಿಲೆ ಬಂದು, ಅವರನ್ನು ವೃದ್ಧರ ಆರೈಕೆ ಮನೆಗೆ ಸೇರಿಸಿ, ಮಗ ಮನೆ ಖಾಲಿ ಮಾಡುತ್ತಿದ್ದ. ಬೆಳ್ಳಿ ನೋಡಲು ಬಂದವನೊಬ್ಬ ಈ ಪಾತ್ರೆ ತಿರುಗಿಸಿ, ಮುಚ್ಚಳ ಬೆಳ್ಳಿ, ಪಾತ್ರೆ ಮಾತ್ರ ತಾಮ್ರದ ಮೇಲೆ ಬೆಳ್ಳಿ ನೀರು ಹಾಕಿದ್ದು ಎಂದಿದ್ದ.

"ನಿಮ್ಮ ಪತ್ರದಲ್ಲಿ ಎರಡೂ ಬೆಳ್ಳಿ ಅಂತಿದೆ," ಎಂದ ಫಿಲಿಪ್. "ಅಂದರೆ ಆಮೇಲೆ ಯಾರೋ ಬದಲಾಯಿಸಿದ್ದಾರೆ. ಎರಡು ವರ್ಷದಿಂದ ಅಮ್ಮನ ಜೊತೆ ಮನೆಯಲ್ಲಿ ಒಬ್ಬಳೇ ಇರುತ್ತಿದ್ದದ್ದು ಆರೈಕೆಗೆ ಏಜೆನ್ಸಿಯಿಂದ ಬರುತ್ತಿದ್ದ ಹೆಂಗಸು. ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಅವರಿಗೆ ನಿಮ್ಮಿಂದ ಬರಹದಲ್ಲಿ ಅಭಿಪ್ರಾಯ ಬೇಕು."

ಪಾತ್ರೆ ತಿರುಗಿಸಿದೆ. ಬುಡದಲ್ಲಿ ಚೌಕದ ಮುದ್ರೆ, ಸ್ಪಷ್ಟವಾಗಿ. ಮಕ್ಕಳೂ ಗುರುತಿಸುವಷ್ಟು. ಹಿಂದೆಂದೂ ಈ ಬುಡವನ್ನು ನೋಡಿದ ನೆನಪು ಬರಲಿಲ್ಲ. ನೋಡಿರಲಿಲ್ಲವೋ, ನೋಡಿ ಮರೆತಿದ್ದೆನೋ?

"ಆ ಹೆಂಗಸಿನ ಹೆಸರೇನು?" ಎಂದು ಕೇಳಿದೆ.

ಅವನು ಫೈಲು ನೋಡಿ ತಡವರಿಸಿ ಓದಿದ. "ಮಹಾದೇವಿ."

ಶನಿವಾರ ಮಧ್ಯಾಹ್ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಹಳೆಯ ನೋಟ್‌ಬುಕ್ಕುಗಳ ಡಬ್ಬ ಇಳಿಸಿದೆ. ಆ ಜನವರಿಯ ಪುಸ್ತಕ ಸಿಕ್ಕಿತು. ಪುಟ ತಿರುವಿದೆ. ಒಂದೊಂದು ಸಾಮಾನಿನ ಎದುರೂ ಮುದ್ರೆಯ ಚಿತ್ರ, ಬುಡದ ಚಿತ್ರ, ತೂಕ. ಕೊನೆಯ ಸಾಲಿನಲ್ಲಿ ಟ್ಯುರೀನ್. ಮುಚ್ಚಳದ ಮುದ್ರೆ ಮಾತ್ರ. ಬುಡದ ಜಾಗ ಖಾಲಿ. ತೂಕದ ಜಾಗ ಖಾಲಿ.

ನಮ್ಮನೆಯವರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. "ಏನಾತ ಕಸ್ತೂರಿ? ಮಾರಿ ಯಾಕ ಹಿಂಗ ಬಿಳಚೇತಿ?"

ಹೇಳಿದೆ. ಕೆಳಗಿಳಿದು ಬಂದು ನನ್ನ ಪಕ್ಕ ಕೂತರು.

"ಯಾರಿಗರ ಗೊತ್ತೈತೇನ ಈ ಪುಸ್ತಕ ಐತಿ ಅನ್ನೂದು?"

"ಯಾರಿಗೂ ಇಲ್ಲರೀ."

"ಹಂಗಾರ..." ಎಂದು ನಿಲ್ಲಿಸಿದರು. ಆಮೇಲೆ ತಲೆ ಅಲ್ಲಾಡಿಸಿದರು. "ಬ್ಯಾಡ. ನಾ ಏನೂ ಹೇಳೂದಿಲ್ಲ. ಏನ ಮಾಡಿದ್ರೂ ನಾ ಅದೀನಿ."

ಸುಳ್ಳು ಯಾಕೆ ಹೇಳಲಿ, ಆ ಪುಸ್ತಕವನ್ನು ಹರಿದು ರೀಸೈಕಲ್ ಡಬ್ಬಕ್ಕೆ ಹಾಕುವ ಯೋಚನೆ ನನಗೂ ಬಂದಿತ್ತು.

ಭಾನುವಾರ ಬೆಳಿಗ್ಗೆ ಇಡ್ಲಿ ಹಿಟ್ಟು ಹುಯ್ಯುತ್ತಿದ್ದಾಗ ಫೋನ್ ಬಂತು. ಗುರುತಿಲ್ಲದ ನಂಬರು.

"ಕಸ್ತೂರಿ ಅಕ್ಕಾರೇನ್ರಿ? ನಾ ಮಹಾದೇವಿ ಅಂತರಿ. ಬೈಲಹೊಂಗಲದಾಕಿ. ಕನ್ನಡ ಸಂಘದವರು ನಿಮ್ಮ ನಂಬರ ಕೊಟ್ರು. ಆ ಬೆಳ್ಳಿ ಭಾಂಡೆ ಬಗ್ಗೆ ನೀವ ಬರದಕೊಡೂದು ಅಂತ ಏಜೆನ್ಸಿಯವರ ಕಡಿಂದ ಗೊತ್ತಾತ್ರಿ."

ಪೊಲೀಸ್ ತನಿಖೆಯಲ್ಲಿರುವವರ ಜೊತೆ ಮಾತಾಡಬಾರದು ಎಂದು ಕ್ಯಾರನ್ ಸ್ಪಷ್ಟವಾಗಿ ಹೇಳಿದ್ದಳು.

"ನಾ ನಿಮ್ಮ ಕೂಡ ಮಾತಾಡೂಹಂಗಿಲ್ಲ, ತಂಗಿ."

"ಒಂದ ನಿಮಿಷ್ರಿ. ನಾ ಅದಕ್ಕ ಧೂಳ ಒರಸೂದು ಬಿಟ್ರ ಕೈ ಸೈತ ಹಚ್ಚಿಲ್ಲರಿ. ಏಜೆನ್ಸಿಯವರು ಕೆಲಸಕ್ಕ ಬರಬ್ಯಾಡ ಅಂದಾರ. ಇನ್ನೊಬ್ರ ಮನಿಗೂ ಕಳಸವಲ್ರು. ನೀವರ ಖರೇ ಏನೈತಿ ಅದನ್ನ ಹೇಳ್ರಿ. ಅಷ್ಟ ಸಾಕ್ರಿ ನನಗ."

ನಿಜ ನನ್ನ ಬೇಸ್‌ಮೆಂಟಿನ ಡಬ್ಬದಲ್ಲಿತ್ತು. ಹೇಳಬಹುದಿತ್ತು. "ಅಂಜಬ್ಯಾಡ" ಎಂದಷ್ಟಾದರೂ ಅನ್ನಬಹುದಿತ್ತು. ಫೋನ್ ಇಟ್ಟುಬಿಟ್ಟೆ. ಹಿಟ್ಟಿನ ಸೌಟು ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಕೆಳಗಿನ ನೀರು ಬತ್ತಿ ಪಾತ್ರೆ ಸೀದ ವಾಸನೆ ಬಂದಾಗ ಎಚ್ಚರವಾಯಿತು.

ಸೋಮವಾರ ನೋಟ್‌ಬುಕ್ಕನ್ನು ಕ್ಯಾರನ್ ಮುಂದೆ ಇಟ್ಟೆ. ಅವಳು ಆ ಪುಟವನ್ನು ಎರಡು ಸಲ ಓದಿದಳು. ಬಾಗಿಲು ಹಾಕಿ ಬಂದು ಕೂತಳು.

"ನೀನು ಬುಡ ನೋಡಿದ್ದೆ, ಬರೆಯಲು ಮರೆತಿದ್ದೆ, ಹೀಗೂ ಆಗಿರಬಹುದಲ್ಲ?"

"ನೋಡಿದ್ದರೆ ಬರೆಯುತ್ತಿದ್ದೆ."

"ಕಸ್ತೂರಿ, ನಾನು ಸುಳ್ಳು ಹೇಳು ಅನ್ನುತ್ತಿಲ್ಲ. ಬುಧವಾರ ಪೊಲೀಸರು ಬರುತ್ತಾರೆ. ಪಾತ್ರೆ ಲೇಪದ್ದು, ಮುಚ್ಚಳ ಬೆಳ್ಳಿ, ಇಷ್ಟು ಹೇಳು. ಹಳೆಯದು ನೆನಪಿಲ್ಲ ಅನ್ನು. ಹನ್ನೊಂದು ವರ್ಷದ ಹಿಂದಿನದು ಯಾರಿಗೆ ನೆನಪಿರುತ್ತದೆ? ನಿನ್ನ ಒಂದು ಪತ್ರ ಸುಳ್ಳಾದರೆ ನಿನ್ನ ಎಲ್ಲ ಪತ್ರಗಳ ಮೇಲೂ ಪ್ರಶ್ನೆ ಬರುತ್ತದೆ. ಇಲ್ಲಿ ಒಂಬತ್ತು ಜನ ಕೆಲಸ ಮಾಡುತ್ತಾರೆ."

ಅವಳು ಕೆಟ್ಟವಳಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಬಹುಶಃ ಅದನ್ನೇ ಹೇಳುತ್ತಿದ್ದೆ.

"ನಾಳೆ ಟ್ಯುರೀನಿನ ಜೊತೆ ಒಂದು ಗಂಟೆ ಕೊಡು," ಎಂದೆ.

ಮಂಗಳವಾರ ಬೆಳಿಗ್ಗೆ ಹಿಂದಿನ ಕೋಣೆಯಲ್ಲಿ ದೀಪ ಹಾಕಿ ಕೂತೆ. ಗನ್ನು ಹಿಡಿದೆ. ಗೊತ್ತಿದ್ದನ್ನೇ ಅದು ಹೇಳಿತು. ಬದಿಗಿಟ್ಟು ಭೂತಗನ್ನಡಿ ತೆಗೆದುಕೊಂಡೆ. ನನ್ನ ಪುಸ್ತಕ ನಾನು ಬುಡ ನೋಡಲಿಲ್ಲ ಎಂದಷ್ಟೇ ಹೇಳುತ್ತಿತ್ತು. ಆ ಹೊತ್ತಿಗೆ ಬೆಳ್ಳಿಯ ಪಾತ್ರೆ ಅಲ್ಲಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗುತ್ತಿರಲಿಲ್ಲ. ಮಹಾದೇವಿಯ ಮೇಲಿನ ಅನುಮಾನ ಉಳಿದೇ ಉಳಿಯುತ್ತಿತ್ತು.

ಮುಚ್ಚಳವನ್ನು ಬೋರಲು ಹಾಕಿ ಅಂಚಿನ ಮೇಲೆ ಬೆರಳಾಡಿಸಿದೆ. ಒಂದು ಕಡೆ ಬೆರಳಿಗೆ ಏನೋ ಚುಚ್ಚಿತು. ಎಂದೋ ಬಿದ್ದು ಅಂಚು ಕೊಂಚ ಬಾಗಿ, ಅಕ್ಕಿ ಕಾಳಿನಷ್ಟು ಮೊನೆ ಎದ್ದಿತ್ತು. ಪಾತ್ರೆಯ ಬಾಯಂಚನ್ನು ದೀಪದ ಕೆಳಗೆ ತಿರುಗಿಸುತ್ತ ಹೋದೆ. ಒಂದು ಜಾಗದಲ್ಲಿ ಬೆಳ್ಳಿಯ ನೀರು ಸವೆದು, ತಾಮ್ರ ಕೆಂಪಗೆ ಕಾಣುತ್ತಿತ್ತು. ಉಗುರಿನಷ್ಟು ಉದ್ದದ ಬಾಗಿದ ಗೆರೆ. ಮುಚ್ಚಳ ಕೂರಿಸಿದೆ. ಮೊನೆ ಆ ಗೆರೆಯೊಳಗೆ ಸರಿಯಾಗಿ ಕೂತಿತು. ಹಿಂದುಮುಂದು ಮಾಡಿ ಇಟ್ಟು ನೋಡಿದೆ, ಕೂರಲಿಲ್ಲ. ಮತ್ತೆ ಮೊದಲಿನಂತೆ ಇಟ್ಟೆ, ಕೂತಿತು.

ಈ ಮುಚ್ಚಳ ಈ ಪಾತ್ರೆಯ ಮೇಲೆ ಸಾವಿರ ಸಲ ಏರಿ ಇಳಿದಿತ್ತು. ಗೆರೆಯೊಳಗೆ ತುಂಬಿದ ಪಾಲಿಶು ಗಟ್ಟಿಯಾಗಿ ಕಲ್ಲಾಗಿತ್ತು, ಪದರದ ಮೇಲೆ ಪದರ, ಕೆಳಗಿನದು ಕಪ್ಪಗೆ. ಎರಡು ವರ್ಷದಲ್ಲಿ ಆಗುವ ಸವೆತವಲ್ಲ. ಹನ್ನೊಂದರಲ್ಲೂ ಅಲ್ಲ. ಅದು ಒಂದು ತಲೆಮಾರಿನ ಊಟ.

ಬುಧವಾರ ಹತ್ತು ಗಂಟೆಗೆ ಎಲ್ಲರೂ ಮೀಟಿಂಗ್ ರೂಮಿನಲ್ಲಿ ಕೂತೆವು. ಒಬ್ಬ ಮಹಿಳಾ ಪೊಲೀಸ್ ಅಧಿಕಾರಿ, ಫಿಲಿಪ್, ಕ್ಯಾರನ್, ನಾನು. ಮೇಜಿನ ನಡುವೆ ಟ್ಯುರೀನ್. ನನ್ನ ನೋಟ್‌ಬುಕ್ಕು ನನ್ನ ಕೈಚೀಲದಲ್ಲಿತ್ತು, ಕೈಚೀಲ ನನ್ನ ತೊಡೆಯ ಮೇಲೆ.

ಸವೆತ ತೋರಿಸಿದೆ. ಮುಚ್ಚಳ ಎತ್ತಿ ಇಟ್ಟು, ಮತ್ತೆ ಎತ್ತಿ ಇಟ್ಟು ತೋರಿಸಿದೆ. ಅಧಿಕಾರಿ ಎದ್ದು ಬಂದು ಭೂತಗನ್ನಡಿಯಲ್ಲಿ ಬಗ್ಗಿ ನೋಡಿದಳು. ಬೆರಳಿನಿಂದ ಆ ಮೊನೆ ಮುಟ್ಟಿದಳು. "ಎಷ್ಟು ಕಾಲದ್ದು?" ಎಂದಳು.

"ಕರಾರುವಾಕ್ಕಾಗಿ ಹೇಳಲಾರೆ. ಆದರೆ ಹಲವು ದಶಕ. ಈ ಎರಡೂ ಒಟ್ಟಿಗೇ ಇದ್ದವು."

ಫಿಲಿಪ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತ. "ಹಾಗಾದರೆ ಇದು?" ಎಂದು ನನ್ನ ಹಳೆಯ ಪತ್ರವನ್ನು ಮೇಜಿನ ಮೇಲೆ ಹಾಕಿದ. "ಪಾತ್ರೆ ಮತ್ತು ಮುಚ್ಚಳ, ಬೆಳ್ಳಿ. ಕೆಳಗೆ ನಿಮ್ಮ ಸಹಿ. ಅವತ್ತು ಬೆಳ್ಳಿ ಅಂದವರು ಇವತ್ತು ಅಲ್ಲ ಅನ್ನುತ್ತೀರಿ. ಯಾವುದನ್ನು ನಂಬಲಿ?"

ಕ್ಯಾರನ್ ಪೆನ್ನಿನ ಮುಚ್ಚಳ ನೋಡುತ್ತಿದ್ದಳು.

"ಇನ್ನೊಂದು ಕೇಳುತ್ತೇನೆ," ಎಂದ ಫಿಲಿಪ್. ದನಿ ಇಳಿದಿತ್ತು, ಅದೇ ಹೆಚ್ಚು ಹೆದರಿಸಿತು. "ಆಕೆಯೂ ನೀವೂ ಒಂದೇ ಕಡೆಯವರಾ?"

"ಹೌದು. ನಮ್ಮ ಊರುಗಳು ಅಕ್ಕಪಕ್ಕದ ಜಿಲ್ಲೆಗಳವು. ನಮ್ಮ ಭಾಷೆ ಒಂದೇ. ಭಾನುವಾರ ಆಕೆ ನನಗೆ ಫೋನ್ ಮಾಡಿದ್ದಳು. ನಾನು ಮಾತಾಡದೆ ಇಟ್ಟುಬಿಟ್ಟೆ."

ಕ್ಯಾರನ್ ಥಟ್ಟನೆ ತಲೆ ಎತ್ತಿದಳು. ಅವಳಿಗೂ ಇದನ್ನು ಹೇಳಿರಲಿಲ್ಲ. ಅಧಿಕಾರಿ ಏನೋ ಬರೆದುಕೊಂಡಳು. ನನ್ನ ಮಾತಿಗೆ ಇನ್ನು ಬೆಲೆ ಇಲ್ಲ ಎನಿಸಿತು. ಕೈಚೀಲ ತೆರೆದೆ. ಜಿಪ್ಪು ಸಿಕ್ಕಿಕೊಂಡಿತು, ಎಳೆದೆ. ನೋಟ್‌ಬುಕ್ಕನ್ನು ಆ ಪುಟಕ್ಕೆ ತೆರೆದು ಫಿಲಿಪ್ ಕಡೆ ತಿರುಗಿಸಿ ಇಟ್ಟೆ.

"ನಿಮ್ಮ ಮನೆಯಲ್ಲಿ ಅವತ್ತು ಬರೆದದ್ದು. ಉಳಿದೆಲ್ಲ ಸಾಮಾನಿಗೂ ಬುಡದ ಚಿತ್ರ ಇದೆ, ತೂಕ ಇದೆ. ಇದಕ್ಕೆ ಎರಡೂ ಇಲ್ಲ. ನಾನು ಪಾತ್ರೆ ಎತ್ತಲಿಲ್ಲ. ಮುಚ್ಚಳ ನೋಡಿ ಎರಡೂ ಬೆಳ್ಳಿ ಅಂತ ಬರೆದೆ. ತಪ್ಪು ಪತ್ರಕ್ಕೆ ಸಹಿ ಹಾಕಿದವಳು ನಾನು. ಆಮೇಲೆ ಯಾರೂ ಏನೂ ಬದಲಾಯಿಸಿಲ್ಲ."

"ಯಾಕೆ ಎತ್ತಲಿಲ್ಲ?"

"ಒಳಗೆ ನಿಮ್ಮ ತಂದೆಯ ಪತ್ರಗಳಿದ್ದವು. ಅಲುಗಿಸಬೇಡ ಅಂದರು ನಿಮ್ಮ ತಾಯಿ. ನಾನು ಒತ್ತಾಯ ಮಾಡಬೇಕಿತ್ತು. ಇಲ್ಲವೇ 'ಪಾತ್ರೆಯನ್ನು ಪರೀಕ್ಷಿಸಿಲ್ಲ' ಅಂತ ಬರೆಯಬೇಕಿತ್ತು. ಮಳೆ ಬರುತ್ತಿತ್ತು. ಮನೆಗೆ ಹೋಗುವ ಅವಸರ ಇತ್ತು."

ಫಿಲಿಪ್ ಪುಟವನ್ನೇ ನೋಡುತ್ತ ನಿಂತ. ಆಮೇಲೆ ಕೂತ. "ಆ ಪತ್ರಗಳನ್ನು ಹೋದ ತಿಂಗಳು ನಾನೇ ತೆಗೆದೆ," ಎಂದ. "ಅಪ್ಪನಿಗೆ ಒಮ್ಮೆ ಕೆಲಸ ಹೋಗಿತ್ತು. ನಾನು ಆಗ ಚಿಕ್ಕವನು. ಮನೆಯಿಂದ ಏನೇನೋ ಹೋಯಿತು ಅಂತ ಅಮ್ಮ ಅನ್ನುತ್ತಿದ್ದಳು." ಬೆಳ್ಳಿಯ ಪಾತ್ರೆಯನ್ನು ಆಗ ಮಾರಿರಲೂಬಹುದು. ಅದು ಯಾವಾಗ, ಎಲ್ಲಿಗೆ ಹೋಯಿತೋ ಖಚಿತವಾಗಿ ಯಾರಿಗೂ ಗೊತ್ತಾಗಲಿಲ್ಲ. ಅಲುಗಿಸಬೇಡ ಎಂದ ಓಡಿಲ್‌ಗೆ ಗೊತ್ತಿತ್ತೋ ಏನೋ. ಅವರನ್ನು ಕೇಳುವ ಕಾಲ ದಾಟಿತ್ತು.

ಅಧಿಕಾರಿ ನನ್ನ ನೋಟ್‌ಬುಕ್ಕಿನ ಪುಟದ ಫೋಟೋ ತೆಗೆದುಕೊಂಡಳು. ದೂರು ಮುಂದುವರಿಯುವುದಿಲ್ಲ ಎಂದು ಶುಕ್ರವಾರ ತಿಳಿಯಿತು.

ನನ್ನ ವಿಷಯ ಹೀಗಾಯಿತು. ಮೌಲ್ಯಮಾಪನಕ್ಕೆ ಸಹಿ ಹಾಕುವ ಅಧಿಕಾರ ಹೋಯಿತು. ನನ್ನ ಹಳೆಯ ಪತ್ರಗಳನ್ನೆಲ್ಲ ನೋಟ್‌ಬುಕ್ಕಿನ ಜೊತೆ ತಾಳೆ ನೋಡುವ ಕೆಲಸವನ್ನು ಕ್ಯಾರನ್ ನನಗೇ ಕೊಟ್ಟಳು. ಎರಡು ಚಳಿಗಾಲ ಅದೇ ಮಾಡಿದೆ. ಬುಡದ ಜಾಗ ಖಾಲಿ ಬಿಟ್ಟಿದ್ದು ಇನ್ನೂ ಎರಡು ಸಿಕ್ಕವು. ಎರಡೂ ಮನೆಗೆ ಪತ್ರ ಬರೆದು, ಹೋಗಿ, ತಿರುಗಿಸಿ ನೋಡಿ ಬಂದೆ. ಎರಡೂ ಸರಿಯಾಗಿದ್ದವು. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ. ಆಫೀಸಿನಲ್ಲಿ ಉಸಿರಿನ ಕಥೆ ಹೇಳುವುದನ್ನು ಜನ ಬಿಟ್ಟರು. ಆ ಕೆಲಸ ಮುಗಿದ ಮೇಲೆ ನಿವೃತ್ತಿ ಪಡೆದೆ.

ಮಹಾದೇವಿಯನ್ನು ನಾನು ಕಂಡದ್ದು ಹೋದ ವರ್ಷ ಯುಗಾದಿಗೆ, ಸ್ಟ್ರೀಟ್ಸ್‌ವಿಲ್‌ನ ಒಂದು ಸಭಾಂಗಣದಲ್ಲಿ ಕನ್ನಡದವರ ಊಟ ಇದ್ದಾಗ. ಹೋಳಿಗೆಯ ಸಾಲಿನಲ್ಲಿ ನನ್ನ ಹಿಂದಿದ್ದ ಹೆಂಗಸು ಯಾರಿಗೋ ತನ್ನ ಹೆಸರು ಹೇಳಿದಳು. ದನಿ ಗುರುತು ಸಿಕ್ಕಿತು. ತಿರುಗಿ ನಾನು ಯಾರೆಂದು ಹೇಳಿದೆ. ಗಟ್ಟಿಮುಟ್ಟಾದ ಕುಳ್ಳ ಹೆಂಗಸು, ನಲವತ್ತೈದರ ಹತ್ತಿರದವಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ತಟ್ಟೆ ಹಿಡಿದುಕೊಂಡು ನನ್ನ ಎದುರಿಗೇ ಬಂದು ಕೂತಳು.

"ಎಲ್ಲಾರೂ ನಿಮ್ಮನ್ನ ಹೊಗಳ್ತಾರ್ರಿ," ಎಂದಳು. "ತನ್ನ ತಪ್ಪ ತಾನ ಒಪ್ಪಿಕೊಂಡ್ಲು, ದೊಡ್ಡ ಮನಸು ಅಂತ. ಹದಿನೇಳ ದಿನ ನಾ ಮನ್ಯಾಗ ಕುಂತಿದ್ದೆ. ನನ್ನ ಮಗಳಿಗೆ ಆಗ ಹದಿನಾರ ವರ್ಷ. ಒಂದ ದಿನ ಬಾಗಲದಾಗ ನಿಂತು, 'ಮಾಮ್, ಡಿಡ್ ಯೂ?' ಅಂತ ಕೇಳಿದ್ಲು. ಅಷ್ಟ ಕೇಳಿದ್ಲು. ಈಗ ಎಲ್ಲಾ ಸರಿ ಐತಿ. ಆದ್ರ ಆ ಮಾತ ನನ್ನ ಕಿವಿ ಬಿಟ್ಟ ಹೋಗವಲ್ದು."

ಹೋಳಿಗೆಯ ಮೇಲಿನ ತುಪ್ಪ ಗಟ್ಟಿಯಾಗುತ್ತಿತ್ತು.

"ಅವತ್ತ ಫೋನ್ ಯಾಕ ಇಟ್ರಿ?"

"ಅಂಜಿದ್ದೆ. ಪುಸ್ತಕ ಶನಿವಾರನ ನೋಡಿದ್ದೆ. ನೀ ಫೋನ್ ಮಾಡೂದ್ರಾಗ ನನಗ ಎಲ್ಲಾ ಗೊತ್ತಿತ್ತು."

ಅವಳು ಅಗಿಯುವುದನ್ನು ನಿಲ್ಲಿಸಿದಳು. ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ನೀರು ಕುಡಿದಳು. ಕೈ ಒರೆಸಿಕೊಂಡು ಬ್ಯಾಗಿನಿಂದ ಫೋನ್ ತೆಗೆದಳು.

"ಈಗ ಓಕ್‌ವಿಲ್‌ನಾಗ ಒಬ್ರ ಮನಿ ಹಿಡದೀನ್ರಿ. ಮೊದಲನೇ ದಿನ ಕೆಲಸ ಸುರು ಮಾಡೂಕಿಂತ ಮೊದಲ ಮಾಲಕರ ಮುಂದ ನಿಂತು ಎಲ್ಲಾ ಕಪಾಟದ ಫೋಟೋ ತಗೊಂಡೀನಿ. ನೋಡ್ರಿ."

ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ಗಾಜಿನ ಲೋಟಗಳ ಸಾಲು. ಪಿಂಗಾಣಿ ತಟ್ಟೆಗಳು. ಒಂದು ಸಕ್ಕರೆ ಬಟ್ಟಲು, ಅದೇ ಬಟ್ಟಲು ಬೋರಲಾಗಿ. ಒಂದು ಹಾಲಿನ ಕುಡಿಕೆ, ಅದೂ ಬೋರಲಾಗಿ. ಪ್ರತಿಯೊಂದನ್ನೂ ಒರೆಸುವ ಅರಿವೆಯ ಮೇಲೆ ಇಟ್ಟು ತೆಗೆದಿದ್ದಳು.

"ಬುಡಾ ಸೈತ ತಗೊಂಡೀಯಲ್ಲ," ಎಂದೆ.

"ಹೌದ್ರಿ. ಮಾಲಕರು ನಕ್ಕರು. ನಗಲಿ."

ಕುಡಿಕೆಯ ಚಿತ್ರವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ನನ್ನ ಮುಂದೆ ಹಿಡಿದಳು. ಬುಡದಲ್ಲಿ ಏನೋ ಮಸುಕು ಮುದ್ರೆ.

"ಇದು ಬೆ‌ಳ್ಳೀನ ಏನ್ರಿ?"

ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದೆ. ಡೈಮಂಡಿನ ಹಾಗೂ ಕಾಣುತ್ತಿತ್ತು, ಚೌಕದ ಹಾಗೂ ಕಾಣುತ್ತಿತ್ತು.

"ಕೈಯಾಗ ಹಿಡೀಲಾರದ ಹೇಳಾಕ ಬರೂದಿಲ್ಲ, ಮಹಾದೇವಿ," ಎಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಸರಿ ಎಂಬಂತೆ ತಲೆಯಾಡಿಸಿ ಫೋನನ್ನು ಬ್ಯಾಗಿನೊಳಗೆ ಇಟ್ಟುಕೊಂಡಳು.